ಆದೆಪ್ಪ ತೆಗೆದ ಗಟಾರ

ಇಪ್ಪತ್ತು ವರ್ಷ ಸಿಂಧನೂರು–ರಾಯಚೂರು ಬಸ್ಸು ಓಡಿಸಿದವನು ನಾನು, ಚಾಂದ್‌ಪಾಷಾ. ರಸ್ತೆ ಹೇಗಿದೆಯೆಂದು ಕಣ್ಣಿಗಿಂತ ಮೊದಲು ನನ್ನ ಸೊಂಟ ಹೇಳುತ್ತಿತ್ತು. ಎಂಬತ್ತರ ದಶಕದಲ್ಲಿ ಆ ಸೊಂಟಕ್ಕೆ ಬಿಡುವು ಸಿಗುತ್ತಿದ್ದುದು ಜವಳಗೇರಾದ ಹತ್ತಿರದ ಆರು ಕಿಲೋಮೀಟರಿನಲ್ಲಿ ಮಾತ್ರ. ಅದು ರಸ್ತೆ ದುರಸ್ತಿಯ ಗ್ಯಾಂಗ್‌ಮನ್ ಆದೆಪ್ಪನ ಪಾಲಿಗೆ ಬಂದ ರಸ್ತೆ.

ಕುಳ್ಳ ಮನುಷ್ಯ. ಮಾಸಿದ ಖಾಕಿ ಅಂಗಿ, ಸೈಕಲ್ಲಿಗೆ ಕಟ್ಟಿದ ಸಲಿಕೆ. ಬೇಸಿಗೆಯಲ್ಲಿ ಸಣ್ಣ ಬಿರುಕುಗಳನ್ನು ಹುಡುಕಿ, ಮಣ್ಣು ಗುಡಿಸಿ, ಕಾಸಿದ ಡಾಂಬರು ಸುರಿದು ಉಸುಕು ಉದುರಿಸುತ್ತಿದ್ದ. ಅಂಗೈಯಗಲದ ತಗ್ಗು ಬಿದ್ದರೂ ಅಂದೇ ಖಡಿ ತುಂಬಿ ಬಡಿದು ಮುಚ್ಚುತ್ತಿದ್ದ. ಮಳೆ ಬರುವ ಮೊದಲು ಎರಡೂ ಬದಿಯ ಗಟಾರ ತೆಗೆಯುತ್ತಿದ್ದ. ಯಾರೂ ಅವನನ್ನು ಹೊಗಳಿದ್ದು ನಾನು ಕೇಳಿಲ್ಲ. ತಗ್ಗಿದ್ದ ಕಡೆ ಬಾಯಿಗೆ ಬಂದಂತೆ ಬೈಯುತ್ತಿದ್ದ ನಾನೂ ಅವನ ರಸ್ತೆಯಲ್ಲಿ ಸುಮ್ಮನೆ ಹೋಗುತ್ತಿದ್ದೆ, ಅಷ್ಟೆ.

ಆದೆಪ್ಪನಿಗೆ ತಾಯಿಯಂತೆ ಇದ್ದವಳು ಅಕ್ಕ ತಿಮ್ಮವ್ವ. ಅವ್ವ ಸತ್ತ ಮೇಲೆ ಅವನನ್ನು ಎತ್ತಿ ಬೆಳೆಸಿದ್ದಳು. ಅವಳನ್ನು ಕೊಟ್ಟಿದ್ದು ಜವಳಗೇರಾದ ದೊಡ್ಡಬಸಪ್ಪನಿಗೆ. ಪ್ರತಿ ಶ್ರಾವಣದಲ್ಲಿ ಆದೆಪ್ಪ ಹೋಗಿ ಪಂಚಮಿ ಹಬ್ಬಕ್ಕೆ ಅಕ್ಕನನ್ನು ತವರಿಗೆ ಕರೆತರುತ್ತಿದ್ದ.

ಎಂಬತ್ತಾರರಲ್ಲಿ ಅದಕ್ಕೆ ಕಲ್ಲು ಬಿತ್ತು. ದೊಡ್ಡಬಸಪ್ಪನ ಭತ್ತದ ಗದ್ದೆ ರಸ್ತೆಗೆ ಹತ್ತಿಕೊಂಡೇ ಇತ್ತು. ಟ್ರ್ಯಾಕ್ಟರ್ ಇಳಿಸಲೆಂದು ಅವನು ಹತ್ತು ಫೂಟು ಗಟಾರಕ್ಕೆ ಮಣ್ಣು ತುಂಬಿಸಿದ. ಕೆಳಗೊಂದು ಸಿಮೆಂಟ್ ಪೈಪು ಹಾಕು ಎಂದು ಆದೆಪ್ಪ ಎರಡು ಸಲ ಹೇಳಿದ. ಮೂರನೆಯ ಸಲ ಹೇಳಲಿಲ್ಲ, ಸಲಿಕೆ ಹಿಡಿದು ಮಣ್ಣು ತೆಗೆದುಬಿಟ್ಟ. ಮರುದಿನ ಸಸಿ ಹೇರಿಕೊಂಡು ಬಂದ ಟ್ರ್ಯಾಕ್ಟರ್ ರಸ್ತೆಯ ಮೇಲೇ ನಿಂತಿತು. ನಾಟಿಗೆ ಬಂದ ಆಳುಗಳು ನಕ್ಕರು. ಆ ನಗು ದೊಡ್ಡಬಸಪ್ಪನಿಗೆ ನುಂಗಲಾಗಲಿಲ್ಲ.

ಪಂಚಮಿಗೆ ಕರೆಯಲು ಹೋದ ಆದೆಪ್ಪನಿಗೆ ಹೊಸ್ತಿಲಲ್ಲೇ ಹೇಳಿದ: "ಆದ್ಯಾ, ಗಟಾರ ತೆಗೆದದ್ದು ತಪ್ಪಾತು ಅಂತ ನಾಕು ಮಂದಿ ಮುಂದ ಅನ್ನು. ಅಂದು ನಿಮ್ಮಕ್ಕನ್ನ ಕರ್ಕೊಂಡು ಹೋಗು."

ಆದೆಪ್ಪ ಅನ್ನಲಿಲ್ಲ. ಒಬ್ಬನೇ ವಾಪಸ್ಸು ಬಂದ. ಮುಂದಿನ ವರ್ಷವೂ ದೊಡ್ಡಬಸಪ್ಪ ಮಣ್ಣು ತುಂಬಿದ, ಆದೆಪ್ಪ ತೆಗೆದ, ಪಂಚಮಿಗೆ ಹೋಗಿ ಬರಿಗೈಲಿ ಬಂದ. ಅದರ ಮುಂದಿನ ವರ್ಷವೂ ಹಾಗೆಯೇ.

ಒಂದು ದಿನ ಬಸ್ಸು ಪಂಕ್ಚರ್ ಆಗಿ ಅಲ್ಲೇ ನಿಂತಾಗ ನಾನು ಸಿಟ್ಟಿನಲ್ಲೇ ಕೇಳಿದೆ, "ಆರು ಕಿಲೋಮೀಟರ್‌ನಾಗ ಹತ್ತು ಫೂಟು ಬಿಟ್ರ ಏನಾಕ್ಕೈತೋ? ನಿಮ್ಮಕ್ಕಗಿಂತ ಹೆಚ್ಚೇನು ಅದು?"

ಅವನು ನನ್ನನ್ನು ರಸ್ತೆಯ ಅಂಚಿಗೆ ಕರೆದೊಯ್ದು ಹಿಮ್ಮಡಿಯಿಂದ ಒತ್ತಿದ. ಡಾಂಬರು ಮೆತ್ತಗೆ ತಗ್ಗಿ, ಬಿರುಕಿನಿಂದ ನೀರು ಜಿನುಗಿತು.

"ಮಣ್ಣು ಹಾಕಿ ಎಂಟು ದಿನ ಆಗೇತ್ರಿ, ಅಷ್ಟೇ. ಬುಡದಾಗ ಎರಿಮಣ್ಣು ಐತಿ. ನೀರು ಕುಡದ್ರ ಉಬ್ಬತೈತಿ, ಒಣಗಿದ್ರ ಬಿರೀತೈತಿ. ಮ್ಯಾಲ ಎಷ್ಟು ಡಾಂಬರು ಸುರುವಿದ್ರೂ ಉಳಿಯಂಗಿಲ್ಲ. ಅಕ್ಕಾರ ಗದ್ದಿ ಅಂತ ಇದನ್ನ ಬಿಟ್ರ, ಉಳದವ್ರಿಗೆ ಯಾವ ಬಾಯಿಲೆ ಹೇಳಲಿ?"

ಸಲಿಕೆ ಎತ್ತಿಕೊಳ್ಳುವಾಗ ಅವನ ಕಣ್ಣು ಗದ್ದೆಯ ಕಡೆ ಹೋಯಿತು. ನಾಟಿಯ ಸಾಲಿನಲ್ಲಿ ಬಗ್ಗಿದ್ದ ಹೆಂಗಸೊಬ್ಬಳು ನಡು ನೆಟ್ಟಗೆ ಮಾಡಿ ಇತ್ತಲೇ ನೋಡುತ್ತಿದ್ದಳು. ತಿಮ್ಮವ್ವ. ಆದೆಪ್ಪ ಗಟಾರಕ್ಕಿಳಿದ.

ತೊಂಬತ್ಮೂರರಲ್ಲಿ ಆದೆಪ್ಪ ರಿಟೈರಾದ. ಅವನ ಜಾಗಕ್ಕೆ ಯಾರೂ ಬರಲಿಲ್ಲ. ದೊಡ್ಡಬಸಪ್ಪ ಗಟಾರ ತುಂಬಿದ. ಅವನನ್ನು ನೋಡಿ ಆಚೀಚೆಯವರೂ ತುಂಬಿದರು. ಮೊದಲ ಮಳೆಗಾಲಕ್ಕೆ ಅಂಚು ಕುಸಿಯಿತು, ಎರಡನೆಯದಕ್ಕೆ ತಗ್ಗು ಬಿದ್ದವು. ಮೂರನೆಯದಕ್ಕೆ ಆ ಆರು ಕಿಲೋಮೀಟರಿಗೆ ಮುಕ್ಕಾಲು ತಾಸು ಹಿಡಿಯತೊಡಗಿತು. ಆದೆಪ್ಪನನ್ನು ನಾನು ದಿನಾ ನೆನೆದದ್ದು ಆಗ. ಅವನು ಮಾತ್ರ ಪ್ರತಿ ಪಂಚಮಿಗೆ ಹೋಗುತ್ತಲೇ ಇದ್ದ. ತಪ್ಪಾಯಿತು ಅನ್ನುತ್ತಿರಲಿಲ್ಲ.

ತೊಂಬತ್ತಾರರ ಆಷಾಢ. ಬೆಳಿಗ್ಗೆ ಜವಳಗೇರಾದಲ್ಲಿ ದೊಡ್ಡಬಸಪ್ಪ ಹೆಂಡತಿಯನ್ನು ಎತ್ತಿಕೊಂಡು ಬಂದು ನನ್ನ ಬಸ್ಸು ಹತ್ತಿದ. ತಿಮ್ಮವ್ವನ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಬಲಗೈ ಜೋತುಬಿದ್ದಿತ್ತು. ಲಕ್ವ ಹೊಡೆದಿತ್ತು. ಸಿಂಧನೂರು ಆಸ್ಪತ್ರೆಗೆ ಜಲ್ದಿ ಮುಟ್ಟಿಸು ಅಣ್ಣಾ ಎಂದ.

ಅವನದೇ ಗದ್ದೆಯ ಮುಂದೆ ಹಿಂದಿನ ಗಾಲಿ ಅಚ್ಚಿನವರೆಗೆ ಹೂತಿತು. ಮಂದಿಯೆಲ್ಲ ಇಳಿದು ನೂಕಿದರು, ಅಲ್ಲಾಡಲಿಲ್ಲ. ಹಿಂದೆ ಮುಂದೆ ಒಂದು ಗಾಡಿಯೂ ಬರಲಿಲ್ಲ. ಯಾರೋ ಸೈಕಲ್ ಮೇಲೆ ಹೋಗಿ ಹೇಳಿರಬೇಕು, ಆದೆಪ್ಪ ಸಲಿಕೆಯೊಡನೆ ಬಂದ. ಕಿಟಕಿಯಲ್ಲಿ ಅಕ್ಕನನ್ನು ನೋಡಿದವನೇ ಮೊಣಕಾಲುದ್ದ ಕೆಸರಿಗಿಳಿದು ಗಾಲಿಗೆ ಕಲ್ಲು ಜೋಡಿಸತೊಡಗಿದ. ಕಲ್ಲು ಇಟ್ಟಷ್ಟೂ ಮುಳುಗುತ್ತಿತ್ತು.

"ಮಾವ, ಮದ್ಲ ನೀರು ಹೋಗಬೇಕು. ಇಲ್ಲಂದ್ರ ಏನ್ ಹಾಕಿದ್ರೂ ನಿಲ್ಲಂಗಿಲ್ಲ" ಎಂದ.

ದೊಡ್ಡಬಸಪ್ಪ ಅವನ ಕೈಯಿಂದ ಸಲಿಕೆ ತೆಗೆದುಕೊಂಡ. ತಾನು ತುಂಬಿಸಿದ ಮಣ್ಣನ್ನು ತಾನೇ ಅಗೆದ. ಅಳುತ್ತಾ ಅಗೆದ. ನೀರು ಇಳಿದು ಬಸ್ಸು ಮೇಲೆ ಬರುವಷ್ಟರಲ್ಲಿ ಎರಡು ತಾಸು ಕಳೆದಿತ್ತು.

ಜೀವ ಉಳಿಯಿತು. ಬಲಗೈ ಬರಲಿಲ್ಲ. ಬೇಗ ತಂದಿದ್ದರೆ ಬರುತ್ತಿತ್ತೇನೋ ಎಂದರು ಡಾಕ್ಟರು. ಹನ್ನೆರಡನೆಯ ದಿನ ಆಸ್ಪತ್ರೆಯಿಂದ ಬಿಟ್ಟಾಗ ದೊಡ್ಡಬಸಪ್ಪ ನೆಲ ನೋಡುತ್ತಾ, "ಆದ್ಯಾ, ಪಂಚಮಿ ಬಂತು. ಕರ್ಕೊಂಡು ಹೋಗಪಾ" ಎಂದ.

ಹಬ್ಬದ ದಿನ ಉಂಡಿ ತಿನ್ನಲು ನನ್ನನ್ನೂ ಕರೆದಿದ್ದರು. ತಿಮ್ಮವ್ವ ಎಡಗೈಯಲ್ಲಿ ಬಟ್ಟಲು ಹಿಡಿದು ನಾಗಪ್ಪನಿಗೆ ಹಾಲೆರೆಯಲು ಕೂತಿದ್ದಳು. ಮನೆಯ ಒಬ್ಬೊಬ್ಬರ ಹೆಸರಿಗೆ ಒಂದೊಂದು ಸಲ ಎರೆಯುತ್ತಾ ಅಪ್ಪನ ಪಾಲು, ಅವ್ವನ ಪಾಲು ಎನ್ನುವಾಗ ನಾಲಿಗೆ ತೊದಲುತ್ತಿತ್ತು, ಹಾಲು ಅರ್ಧ ನೆಲಕ್ಕೆ ಚೆಲ್ಲುತ್ತಿತ್ತು. ಆದೆಪ್ಪ ಪಕ್ಕದಲ್ಲಿ ಕೂತು ಅವಳ ಮೊಣಕೈಗೆ ತನ್ನ ಕೈ ಆನಿಸಿದ.

"ತಮ್ಮನ ಪಾಲು" ಎಂದಳು ತಿಮ್ಮವ್ವ. ಅದೊಂದು ತೊದಲಲಿಲ್ಲ.