ನೋಡಿದರೆ ಅಂಟುವುದಿಲ್ಲ

ಕೆಂಗಣ್ಣು ನೋಟದಿಂದ ಅಂಟುವುದಿಲ್ಲ. ಈ ಒಂದು ಮಾತನ್ನು ಹೇಳಿ ಹೇಳಿ ನನಗೆ ಎಷ್ಟು ಸುಸ್ತಾಗಿದೆಯೆಂದರೆ, ಇನ್ನು ಯಾರಾದರೂ ಅಂಟುತ್ತದೆ ಎಂದರೆ ಹೌದೆಂದುಬಿಡೋಣ ಅನ್ನಿಸುತ್ತದೆ. ಆದರೆ ಬಾಯಿ ಬರುವುದಿಲ್ಲ. ನಮ್ಮ ಮನೆಯಲ್ಲಿ ಡಿಗ್ರಿ ಕಂಡ ಮೊದಲನೆಯವಳು ನಾನು. ಅಮ್ಮ ಬೀಡಿ ಕಟ್ಟಿ, ಸುಳ್ಯದ ಹಾಸ್ಟೆಲಿನಲ್ಲಿಟ್ಟು ಓದಿಸಿದ ಬಿಎಸ್ಸಿ ಅದು. ಅಷ್ಟು ಕಷ್ಟದಿಂದ ಬಂದದ್ದನ್ನು ಸುಮ್ಮನೆ ಬಿಟ್ಟುಕೊಡುವುದು ಹೇಗೆ?

ವಿಷಯ ಇಷ್ಟೇ. ಕೆಂಗಣ್ಣಿನ ವೈರಾಣುವಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ಕಣ್ಣು ತುರಿಸುತ್ತದೆ, ನಾವು ಉಜ್ಜುತ್ತೇವೆ. ಬೆರಳಿಗೆ ಬಂದದ್ದನ್ನು ಮುಖ ಒರೆಸುವ ಬೈರಾಸಿಗೆ, ಬಸ್ಸಿನ ಕಂಬಿಗೆ, ಇನ್ನೊಬ್ಬರ ಕೈಗೆ ನಾವೇ ದಾಟಿಸುತ್ತೇವೆ. ಅಲ್ಲಿಂದ ಅವರ ಬೆರಳು ಅದನ್ನು ಅವರ ಕಣ್ಣಿಗೆ ಮುಟ್ಟಿಸುತ್ತದೆ. ಕಾಣದಷ್ಟು ಸಣ್ಣದೊಂದು ಕಣ, ಮನುಷ್ಯನನ್ನೇ ಹೊರುವ ಆಳಾಗಿ ಇಟ್ಟುಕೊಂಡಿದೆ. ಆದರೆ ಮಗುವಿಗೆ ದೃಷ್ಟಿ ತಾಗುವ ಊರಿನಲ್ಲಿ ಇದನ್ನು ಯಾರು ನಂಬುತ್ತಾರೆ? ಕಣ್ಣಿನಿಂದ ಕಣ್ಣಿಗೆ ಹೊಟ್ಟೆಕಿಚ್ಚೇ ದಾಟುವಾಗ ಕಾಯಿಲೆ ದಾಟದೇ?

ಹೋದ ಮಳೆಗಾಲದಲ್ಲಿ, ಕಡಬದ ಕಡೆ ನಾನು ವಿಜ್ಞಾನ ಕಲಿಸುವ ಹೈಸ್ಕೂಲಿಗೆ ಕೆಂಗಣ್ಣು ಬಂತು. ರಜೆಯ ಆಸೆಗೆ ಮಕ್ಕಳು ಕೆಂಗಣ್ಣಿನವರ ಎದುರು ಕುಳಿತು ರೆಪ್ಪೆ ಮಿಟುಕಿಸದೆ ನೋಡತೊಡಗಿದರು. ನಾನು ವಾರವಿಡೀ ಹಟದಿಂದ ಕೆಂಗಣ್ಣಿನದೇ ಪಾಠ ಮಾಡಿದೆ. ಪಾಠ ಮುಗಿಯುವ ಹೊತ್ತಿಗೆ ನನಗೇ ಬಂತು.

ಕೊಯಿಲದ ಮನೆಗೆ ಬಂದರೆ ಅಮ್ಮ ನನಗೆ ಬೆನ್ನು ತಿರುಗಿಸಿ ನಿಂತಳು. ತಿಂಗಳ ಕೊನೆಗೆ ಪುತ್ತೂರಿನಲ್ಲಿ ಅವಳ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಸಕ್ಕರೆ ಏರಿ ಮೊದಲೇ ಒಮ್ಮೆ ಮುಂದೆ ಹೋದದ್ದು. ಬೀಡಿಯ ನೂಲೇ ಕಾಣದೆ ಬೆರಳಿನ ಅಂದಾಜಿನಲ್ಲಿ ಕಟ್ಟುತ್ತಿದ್ದಳು. ಕೆಂಗಣ್ಣು ಬಂದರೆ ಡಾಕ್ಟರು ಮತ್ತೆ ಹಿಂದೆ ಕಳಿಸುವುದು ಖಂಡಿತ.

"ಈಚೆ ನೋಡ್ಬೇಡ ಮಗಾ, ನಂಗೆ ಆಪರೇಷನ್ ಉಂಟು."

"ನೋಡಿದ್ರೆ ಬರುದಿಲ್ಲಮ್ಮ. ಮುಟ್ಟಿದ್ರೆ ಬರುದು."

"ಬಿಎಸ್ಸಿ ಕಲ್ತದ್ದು ನೀನು. ನನ್ನ ಕಣ್ಣು ಶಾಲೆಗೇ ಹೋಗ್ಲಿಲ್ಲ ಮಾರಾಯ್ತಿ, ಅದಕ್ಕೆ ಎಂತ ಗೊತ್ತು?"

ಅಂದಿನಿಂದ ಊಟದ ಬಟ್ಟಲು ನನ್ನ ಕೋಣೆಯ ಹೊಸ್ತಿಲಿಗೆ ಬಂತು, ಅಮ್ಮ ಬರಲಿಲ್ಲ. ಗೋಡೆ ನೋಡುತ್ತ ನನ್ನ ಸೌಖ್ಯ ವಿಚಾರಿಸುತ್ತಿದ್ದಳು.

ನನ್ನನ್ನು ನಂಬಿದವರು ಒಬ್ಬರೇ, ಪಕ್ಕದ ಮನೆಯ ಭಾಗೀರಥಿಯಕ್ಕ. ಬೇಲಿಯಾಚೆಯಿಂದ ನನ್ನ ಪಾಠದ ಮೊದಲ ಅರ್ಧ ಕೇಳಿದ್ದರು. ಕೈಯ ವಿಷಯ ಬರುವಾಗ ಅವರ ಮನೆಯ ಕುಕ್ಕರ್ ಕೂಗಿತ್ತು. "ಟೀಚರೇ ಹೇಳಿದ ಮೇಲೆ ಎಂತ ಹೆದ್ರಿಕೆ?" ಎಂದು ಒಳಗೆ ಬಂದು, ಮಂಚದಲ್ಲಿ ಕುಳಿತು, ಧೈರ್ಯವಾಗಿ ನನ್ನ ಕಣ್ಣಿನಲ್ಲಿ ಕಣ್ಣಿಟ್ಟು, ನಾನು ಬೇಡ ಬೇಡ ಎನ್ನುವಷ್ಟರಲ್ಲಿ ನನ್ನದೇ ಬೈರಾಸಿನಿಂದ ಮುಖದ ಬೆವರು ಒರೆಸಿಕೊಂಡರು. ವಾರದೊಳಗೆ ಅವರ ಎರಡು ಕಣ್ಣೂ ಕೆಂಪು ಕೇಪಳ ಹಣ್ಣು.

ನಂಬದ ಅಮ್ಮನ ಕಣ್ಣು ಮಾತ್ರ ತಿಳಿಯಾಗಿಯೇ ಉಳಿಯಿತು. ನೋಡದ್ದರಿಂದಲ್ಲ, ಹತ್ತಿರ ಬಾರದ್ದರಿಂದ. ಪರೀಕ್ಷೆಯಾದರೆ ಕಾರಣ ತಪ್ಪೆಂದು ನಾನು ಅವಳಿಗೆ ಸೊನ್ನೆ ಹಾಕಬೇಕು. ಆದರೆ ಆಪರೇಷನ್ ಆಯಿತು.

ಮರುದಿನ ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಹಾಕಿ ಕಳಿಸಿದರು. ಪುತ್ತೂರಿನಲ್ಲಿ ಬಸ್ಸು ಹತ್ತಿದರೆ ಕಾಲಿಡಲು ಜಾಗವಿಲ್ಲ. ಆಸ್ಪತ್ರೆಯಲ್ಲಿ ನಿಂತು ನಿಂತು ನನ್ನ ಕಾಲಿನಲ್ಲಿ ಜೀವವಿರಲಿಲ್ಲ. ಅಮ್ಮನ ಕನ್ನಡಕ ಕಂಡದ್ದೇ, ಎದುರಿನ ಸೀಟಿನಲ್ಲಿದ್ದ ಇಬ್ಬರು ಹೆಂಗಸರು ಮುಖ ತಿರುಗಿಸಿಕೊಂಡು ಎದ್ದೇಬಿಟ್ಟರು. ಕಂಡಕ್ಟರ್ ತಲೆಯೆತ್ತಿ ಬಸ್ಸಿನ ಮಾಡು ನೋಡುತ್ತ ಟಿಕೆಟ್ ಕೊಟ್ಟ.

"ಇದು ಕೆಂಗಣ್ಣಲ್ಲ. ಕೆಂಗಣ್ಣಾದ್ರೂ ನೋಡಿದ್ರೆ..." ಎಂದು ನಾನು ಶುರುಮಾಡಿದೆ. ಅಮ್ಮ ತೋಳು ಚಿವುಟಿದಳು.

"ಪಾಠ ಶಾಲೆಯಲ್ಲಿ ಮಾಡು. ಈಗ ಕೂತ್ಕೊ."

ಕುಳಿತೆ. ಇಷ್ಟು ವರ್ಷದಲ್ಲಿ ಅಜ್ಞಾನದಿಂದ ನನಗೆ ಸಿಕ್ಕಿದ ಮೊದಲ ಉಪಕಾರ ಆ ಸೀಟು. ಆದರೂ ಇಳಿಯುವವರೆಗೆ ಅಮ್ಮನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಕಂಬಿ ಮುಟ್ಟಿದ ಬೆರಳು ಹೊಸ ಕಣ್ಣಿಗೆ ಹೋಗಬಾರದಲ್ಲ. ಮಗಳಿಗೆ ಎಷ್ಟು ಪ್ರೀತಿ ಎಂದುಕೊಂಡಳೋ ಏನೋ, ಅವಳೂ ಬಿಡಿಸಿಕೊಳ್ಳಲಿಲ್ಲ.

ನಾನು ತಿದ್ದಲು ಹೋಗಲಿಲ್ಲ.