ಎಡಗಡೆ ಸೀಟು

ಅರಸೀಕೆರೆ ಹತ್ತಿರದ ಗಂಡಸಿ ಊರಿಗೆ ಬಂದು ವಿಂಗ್ ಕಮಾಂಡರ್ ಜಯದೇವಪ್ಪನವರ ಮನೆ ಎಲ್ಲಿ ಅಂತ ಕೇಳಿ ನೋಡಿ, ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಏರೋಪ್ಲೇನ್ ಜಯಣ್ಣ ಅನ್ನಿ, ಬಾಗಿಲ ತನಕ ಬಂದು ಬಿಟ್ಟುಹೋಗುತ್ತಾರೆ. ಪಾಪ, ಅವರು ಸರ್ವೀಸಿನುದ್ದಕ್ಕೂ ಹಾರಿಸಿದ್ದು ಹೆಲಿಕಾಪ್ಟರು. ಊರವರನ್ನು ತಿದ್ದಿ ತಿದ್ದಿ ಸಾಕಾಗಿ ಕೈಬಿಟ್ಟರು.

ಹಿಮದ ಬೆಟ್ಟಗಳ ಮೇಲಿನ ಠಾಣೆಗಳಿಂದ ಕಾಯಿಲೆ ಬಿದ್ದ ಸೈನಿಕರನ್ನು ಕೆಳಗಿನ ಆಸ್ಪತ್ರೆಗೆ ಇಳಿಸುವುದು ಅವರ ಕೆಲಸ. ಹಾಗೆ ಯಾರದೋ ಮಗನನ್ನು ಇಳಿಸುತ್ತಿದ್ದ ದಿನವೇ ಇಲ್ಲಿ ಅವರ ಅಪ್ಪ ಕೊಬ್ಬರಿ ಅಟ್ಟದ ಮೇಲೆ ಕುಸಿದು ಬಿದ್ದರು. ಪಕ್ಕದ ಹೊಲದ ಕೆಂಚಪ್ಪ ಅವರನ್ನು ಬೆನ್ನ ಮೇಲೆ ಹೊತ್ತು ಇಳಿಸಿದ. ತೆಂಗಿನಕಾಯಿ ಲಾರಿಗೆ ಅಡ್ಡ ನಿಂತು, ನಿಲ್ಲಿಸಿ, ಹಾಸನದ ಆಸ್ಪತ್ರೆಗೆ ಸೇರಿಸಿ, ಹನ್ನೊಂದು ದಿನ ಅಲ್ಲೇ ವರಾಂಡದಲ್ಲಿ ಮಲಗಿದ. ಅಪ್ಪ ಆಮೇಲೆ ಒಂಬತ್ತು ವರ್ಷ ಬದುಕಿದರು. ಆ ಒಂಬತ್ತು ವರ್ಷ ಕೆಂಚಪ್ಪ ಕೊಟ್ಟದ್ದು ಅಂತ ಜಯದೇವಪ್ಪ ಇವತ್ತಿಗೂ ಹೇಳುತ್ತಾರೆ.

ಅದಕ್ಕೇ ನಿವೃತ್ತಿಯಾದ ಮೇಲೆ ನೇರ ಊರಿಗೆ ಬಂದು ಒಂದು ಹಳೇ ಜೀಪು ಕೊಂಡರು. ಹೆರಿಗೆ ನೋವು, ಹಾವು ಕಚ್ಚಿದ್ದು, ಕಾಯಿ ಕೀಳುವಾಗ ಮರದಿಂದ ಬಿದ್ದದ್ದು, ಏನೇ ಇರಲಿ, ಫೋನ್ ಬಂದರೆ ಊಟದ ತಟ್ಟೆ ಬಿಟ್ಟು ಏಳುತ್ತಿದ್ದರು. ಹದಿನೇಳು ವರ್ಷ ಹೀಗೇ ನಡೆಯಿತು. ಈ ಯಪ್ಪ ಆ ಜೀಪಿಗೇ ತಾಳಿ ಕಟ್ಟಬೇಕಿತ್ತು ಅಂತ ಹೆಂಡತಿ ಕಾಂತಮ್ಮ ಬಂದವರೆದುರೆಲ್ಲ ಹೇಳಿಕೊಂಡು ನಗುತ್ತಿದ್ದರು.

ಹೊರಡುವ ಮುಂಚೆ ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಆಗಲೇಬೇಕು. ಟೈರು ಸರಿ, ಬ್ರೇಕು ಸರಿ, ಡೀಸೆಲ್ ಇದೆ ಅಂತ ಒಂದೊಂದನ್ನೂ ಜೋರಾಗಿ ಹೇಳಬೇಕು. ಕೊನೆಗೆ 'ಡ್ರೈವರ್ ಫಿಟ್' ಅಂತ ತಮಗೆ ತಾವೇ ಹೇಳಿಕೊಳ್ಳಬೇಕು. ಏರ್‌ಫೋರ್ಸ್ ಕಲಿಸಿದ ಪಾಠ ಅದು. ಮೈ ಸರಿಯಿಲ್ಲದ ಪೈಲಟ್ ತಾನೇ ಬಾಯಿಬಿಟ್ಟು ಹೇಳಬೇಕು, ಹೇಳಿದವನನ್ನು ಯಾರೂ ಆಡಿಕೊಳ್ಳಬಾರದು.

ಸೊಸೆ ಹೇಮಲತಾ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯವಳು, ತವರಲ್ಲಿ ಟ್ರ್ಯಾಕ್ಟರ್ ಓಡಿಸಿದ ಗಟ್ಟಿಗಿತ್ತಿ. ಮಾವ ಅವಳಿಗೆ ಎರಡು ವರ್ಷ ಭಾನುವಾರ ಭಾನುವಾರ ಬೇಲೂರಿನ ತನಕ ಜೀಪು ಓಡಿಸಲು ಹೇಳಿಕೊಟ್ಟರು, ಯಗಚಿ ಹೊಳೆ ದಂಡೆಯಲ್ಲಿ ರಿವರ್ಸ್ ತೆಗೆಸಿ ತೆಗೆಸಿ ಅಳಿಸಿದ್ದೂ ಉಂಟು. ಆದರೆ ರೋಗಿ ಇದ್ದಾಗ ಮಾತ್ರ ಕೀ ಅವಳ ಕೈಗೆ ಬರುತ್ತಿರಲಿಲ್ಲ. ಇನ್ನೂ ಸ್ವಲ್ಪ ಕೈ ಕೂರಲಿ ಅನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಕೂರಬೇಕಾದದ್ದು ಅವಳ ಕೈಯಲ್ಲ, ಇವರ ಮನಸ್ಸು.

ಹೋದ ತಿಂಗಳು ಅರಸೀಕೆರೆಯಿಂದ ಒಬ್ಬರೇ ವಾಪಸ್ ಬರುವಾಗ ಎಡಗಡೆ ನಿಂತಿದ್ದ ಟಿಲ್ಲರ್ ಅವರಿಗೆ ಕಾಣಲೇ ಇಲ್ಲ. ಕೂದಲೆಳೆಯಲ್ಲಿ ತಪ್ಪಿತು. ಯಾರೂ ನೋಡಲಿಲ್ಲ ನಿಜ, ಅವರಿಗಂತೂ ಗೊತ್ತಾಯಿತಲ್ಲ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಎಡಗಣ್ಣಿನ ಪಕ್ಕದ ನೋಟ ಹೋಗಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ, ಗಾಡಿ ಮಾತ್ರ ಬೇಡ ಅಂದರು. ಜಯದೇವಪ್ಪ ಕಣ್ಣಿನ ಹನಿಯ ಬಾಟಲಿಯನ್ನು ಬೀರುವಿನಲ್ಲಿ ಮುಚ್ಚಿಟ್ಟರು. ಮನೆಯಲ್ಲಿ ತುಟಿಪಿಟಕ್ ಅನ್ನಲಿಲ್ಲ. ಜೀಪು ಹೋದರೆ ನಾನು ಊರಿಗೆ ಯಾಕೆ ಬೇಕು ಅನ್ನುವುದೊಂದೇ ಅವರ ತಲೆಯಲ್ಲಿ ಕೊರೆಯುತ್ತಿತ್ತು.

ಡಾಕ್ಟರ ಹತ್ತಿರ ಹೋಗಿಬಂದ ಐದನೇ ದಿನ ಬೆಳಿಗ್ಗೆ ಕೆಂಚಪ್ಪನೇ ಓಡಿ ಬಂದ. ಹೆಂಡತಿ ವೆಂಕಟಲಕ್ಷ್ಮಮ್ಮನಿಗೆ ಎದೆನೋವು, ಮೈಯೆಲ್ಲ ಬೆವರು. ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು. ಆಕೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದ್ದಾಯಿತು. ಜಯದೇವಪ್ಪ ಕೀ ಹಿಡಿದು ಒಂದು ಸುತ್ತು ಬಂದರು. ಟೈರು ಸರಿ ಅಂದರು. ಬ್ರೇಕು ಸರಿ ಅಂದರು. ಡೀಸೆಲ್ ಇದೆ ಅಂದರು. ಕೊನೆಯ ಮಾತಿಗೆ ಬಂದು ನಿಂತರು.

"ಹತ್ತಲಾ, ಏನ್ ನಿಂತ್ಕಂಡೆ? ನೀನಾದ್ರೆ ನಂಗೆ ಧೈರ್ಯ," ಅಂದ ಕೆಂಚಪ್ಪ.

ಅಪ್ಪನನ್ನು ಬೆನ್ನ ಮೇಲೆ ಹೊತ್ತವನು ಕೇಳುತ್ತಿದ್ದಾನೆ. ಇಲ್ಲ ಅನ್ನುವುದು ಹೇಗೆ? ಆದರೆ ಹಿಂದೆ ಮಲಗಿರುವುದು ಅವನ ಹೆಂಡತಿ. ಹತ್ತಿದರೆ ಅವನಿಗೇ ದ್ರೋಹ.

"ನಾನು ಫಿಟ್ ಇಲ್ಲ ಕಣೋ ಕೆಂಚಪ್ಪ," ಅಂದರು ಅಂಗಳದಲ್ಲಿ ಎಲ್ಲರೆದುರು. "ಎಡಗಣ್ಣು ಕೈಕೊಟ್ಟಿದೆ. ಹೇಮಾ, ನೀನು ಓಡಿಸಮ್ಮ."

ಕಾಂತಮ್ಮ ಸೆರಗು ಬಾಯಿಗಿಟ್ಟುಕೊಂಡರು. ಕೆಂಚಪ್ಪ ಜಯದೇವಪ್ಪನವರನ್ನೊಮ್ಮೆ, ಹೇಮಾಳನ್ನೊಮ್ಮೆ ನೋಡಿ, ಹಿಂದೆ ಹತ್ತಿ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಹೇಮಾ ಕೀ ತಿರುಗಿಸಿದಳು. ಮಾವ ಎಡಗಡೆ ಸೀಟಿನಲ್ಲಿ ಕೂತರು.

ಊರು ದಾಟುವ ತನಕ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ನಾಲಿಗೆಯ ತುದಿಗೆ ಬಂದ ಬುದ್ಧಿಮಾತನ್ನೆಲ್ಲ ನುಂಗಿಕೊಂಡರು. ಹುಡುಗಿ ಹಳ್ಳ ತಪ್ಪಿಸಿ, ಉಬ್ಬಿಗೆ ನಿಧಾನಿಸಿ, ಮೈ ಅಲುಗದಂತೆ ಓಡಿಸುತ್ತಿದ್ದಳು. ತಮಗಿಂತ ಮೆತ್ತಗೆ ಓಡಿಸುತ್ತಿದ್ದಾಳೆ ಅಂತ ಒಪ್ಪಿಕೊಳ್ಳಲು ಅವರಿಗೆ ಮೂರು ಮೈಲಿ ಬೇಕಾಯಿತು. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಹಿಂದಕ್ಕೆ ತಿರುಗಿ ಕೂತು, ವೆಂಕಟಲಕ್ಷ್ಮಮ್ಮನ ಕೈ ಹಿಡಿದುಕೊಂಡರು.

ಆಕೆ ಕಣ್ಣುಬಿಟ್ಟು ಅವರನ್ನೇ ನೋಡಿದರು. "ಎರಡ್ ಸಲ ನಿನ್ ಜೀಪಲ್ಲಿ ಬಂದಿವ್ನಿ ಜಯಣ್ಣ," ಅಂದರು ಮೆಲ್ಲಗೆ. "ಎರಡ್ ಸಲಾನೂ ನಿನ್ ಬೆನ್ನೇ ನೋಡ್ಕಂಡು ಬಂದೆ. ಇವತ್ತು ಮುಖ ಕಾಣ್ತೈತೆ. ಅಷ್ಟು ಭಯ ಆಗ್ತಿಲ್ಲ ಕಣಪ್ಪ."

ಹಾಸನದ ತನಕ ಅವರು ಆ ಕೈ ಬಿಡಲಿಲ್ಲ. ರಸ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಡಾಕ್ಟರು ಸರಿಯಾದ ಹೊತ್ತಿಗೆ ತಂದಿದ್ದೀರಿ, ಪ್ರಾಣಕ್ಕೆ ಭಯವಿಲ್ಲ ಅಂದಾಗ ಕೆಂಚಪ್ಪ ಹೇಮಾಳ ಎದುರು ಕೈಮುಗಿದು ನಿಂತುಬಿಟ್ಟ. ಅವಳು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು ಅತ್ತಳು.

ಜಯದೇವಪ್ಪ ಹೊರಗಿನ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನ್ ಮಾಡಿದರು. ವೆಂಕಟಲಕ್ಷ್ಮಿ ಹುಷಾರಾದಳು ಅಂದರು. ಸೊಸೆ ಚೆನ್ನಾಗಿ ಓಡಿಸಿದಳು ಅಂದರು. ನೀವು ಹೇಗಿದ್ದೀರಿ ಅಂತ ಕಾಂತಮ್ಮ ಕೇಳಿದರು.

"ಆ ಬೆಟ್ಟದಲ್ಲೂ ಇಲ್ಲೂ ಸೇರಿ ಎಷ್ಟು ಜನರನ್ನ ಹೊತ್ಕೊಂಡು ಹೋದೆ ಕಣೇ," ಅಂದರು. "ದಾರಿಯಲ್ಲಿ ಒಬ್ಬರ ಮುಖವನ್ನೂ ನೋಡಿರಲಿಲ್ಲ. ಇವತ್ತು ನೋಡಿದೆ."