ಶಬನಾಳ ಉದ್ದನೆಯ ನಮಾಜು

ಹೊಸದುರ್ಗದ ಬಡಗಿ ಫಜಲುಲ್ಲಾ ಊರಿಗೆಲ್ಲ ಬಾಗಿಲು ಮಾಡಿಕೊಡುವವನು. ಅಂಥವನು ತನ್ನ ಮನೆಯ ಒಳಬಾಗಿಲುಗಳ ಚಿಲಕಗಳನ್ನೆಲ್ಲ ಒಂದೇ ಮಧ್ಯಾಹ್ನ ಕಿತ್ತುಹಾಕಿದ. ಬಚ್ಚಲಿನದೂ ಬಿಡಲಿಲ್ಲ. ಹಿಂದಿನ ದಿನ ಹೆಂಡತಿ ಶಬನಾ ಸ್ನಾನಕ್ಕೆ ಹೋದವಳು ಅಲ್ಲೇ ಬವಳಿ ಬಂದು ಬಿದ್ದಿದ್ದಳು. ಬಾಗಿಲು ಒಡೆದು ಎತ್ತಿಕೊಂಡು ಬರಬೇಕಾಯಿತು. ಪಾಪ, ಅವನದೇನೂ ತಪ್ಪಿಲ್ಲ. ತಪ್ಪಿದ್ದರೆ ಶಬನಾ ಬೈದು ಜಗಳವನ್ನಾದರೂ ಆಡುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿಕೊಂಡು ಚಿಲಕ ಕೀಳುವ ಗಂಡನ ಮೇಲೆ ಯಾವ ಬಾಯಿಂದ ರೇಗುವುದು ಹೇಳಿ!

ನಾಲ್ಕು ವರ್ಷದಿಂದ ಇದೇ ಪಾಡು. ಮೊದಲು ಬಲಗಣ್ಣಿನ ಮೂಲೆಯಲ್ಲಿ ವೆಲ್ಡಿಂಗ್ ಕಿಡಿಯ ಹಾಗೆ ಬೆಳಕು ಹಾರುತ್ತದೆ. ಹಿಂದೆಯೇ ಅರ್ಧ ತಲೆ ಸಿಡಿಯತೊಡಗುತ್ತದೆ. ಒಗ್ಗರಣೆಯ ವಾಸನೆ ಬೇಡ, ಬೈಕಿನ ಸದ್ದು ಬೇಡ, ಕಿಟಕಿಯ ಬಿಸಿಲಂತೂ ಬೇಡವೇ ಬೇಡ. ಕೆಲವು ಸಲ ಅಷ್ಟಕ್ಕೇ ಮುಗಿಯುತ್ತದೆ, ಕೆಲವು ಸಲ ನಿಂತಲ್ಲೇ ಕುಸಿಯುತ್ತಾಳೆ. ಚಿತ್ರದುರ್ಗದಲ್ಲಿ ತೋರಿಸಿದರು, ದಾವಣಗೆರೆಯಲ್ಲಿ ಸ್ಕ್ಯಾನ್ ಮಾಡಿಸಿದರು, ಬೆಂಗಳೂರಿನಲ್ಲಿ ತಲೆಗೆಲ್ಲ ವೈರು ಅಂಟಿಸಿ ನೋಡಿದರು. "ರಿಪೋರ್ಟೆಲ್ಲ ನಾರ್ಮಲ್ ಇದೆ, ಟೆನ್ಷನ್ ಮಾಡ್ಕೋಬೇಡಿ" ಎಂದು ಕಳಿಸಿದರು. ದರ್ಗಾದ ತಾಯತ ಕುತ್ತಿಗೆಗೆ ಬಂತು. ದಿನವೂ ಹಾಲು ಹಾಕುವ ಕೆಂಚಕ್ಕ ತಾನಾಗಿಯೇ ಹಾಲುರಾಮೇಶ್ವರಕ್ಕೆ ಹೋಗಿ ಹರಕೆ ಹೊತ್ತು ಬಂದಳು.

"ಏನೂ ಇಲ್ಲ ಅಂತ ಹೇಳಾಕೆ ಬೆಂಗ್ಳೂರಿನ ಡಾಕ್ಟ್ರು ಬೇಕಾ? ನಾನೇ ಹೇಳ್ತಿದ್ದೆ ಕಣೇ, ಪುಕ್ಕಟೆ!" ಎಂದು ನಗಿಸಲು ನೋಡಿದಳು. ಶಬನಾ ನಕ್ಕಳು. ನಕ್ಕರೂ ತಲೆ ನೋಯುತ್ತಿತ್ತು.

ಕಾಯಿಲೆಗೆ ಹೆಸರು ಸಿಗಲಿಲ್ಲ, ಕಾವಲು ಮಾತ್ರ ಗಟ್ಟಿಯಾಯಿತು. ಒಬ್ಬಳೇ ಒಲೆ ಹಚ್ಚುವಂತಿಲ್ಲ, ಬಟ್ಟೆ ಒಣಹಾಕಲು ಮಹಡಿ ಹತ್ತುವಂತಿಲ್ಲ, ಸಂತೆಯ ಮಾತೇ ಎತ್ತುವಂತಿಲ್ಲ. ಕಾವಲಿಗಿದ್ದವಳು ಒಬ್ಬಳೇ ಮಗಳು ಫರೀಹಾ. ಬಾಯಿ ಜೋರಿನ ಹುಡುಗಿ. ಪಿಯುಸಿ ಮುಗಿಸಿ, "ಹೆಂಗೂ ಬಾಯಿ ಐತಲ್ಲ, ಲಾ ಓದ್ತೀನಿ" ಎಂದಿದ್ದಳು. ಅದಕ್ಕೆ ಚಿತ್ರದುರ್ಗದ ಹಾಸ್ಟೆಲಿನಲ್ಲಿರಬೇಕು. "ಅಮ್ಮಿಗೆ ಹುಷಾರಾಗ್ಲಿ, ಆಮೇಲೆ ನೋಡಾಣ" ಎಂದ ಫಜಲುಲ್ಲಾ. ಹಾಗೇ ಒಂದು ವರ್ಷ ಕಳೆಯಿತು. ಬಚ್ಚಲ ಬಾಗಿಲಾಚೆ ನಿಂತು ಮಗಳು "ಮಾತಾಡ್ತಾ ಇರು ಅಮ್ಮಿ, ಸುಮ್ನಾಗ್ಬೇಡ" ಎನ್ನುತ್ತಿದ್ದಳು. ಹೆಸರೇ ಇಲ್ಲದ ರೋಗ ವಾಸಿಯಾಯಿತು ಎಂದು ಯಾರು ಬಂದು ಹೇಳಬೇಕು? ಈ ಹುಡುಗಿಯ ಬಾಳನ್ನು ನಾನೇ ತಿನ್ನುತ್ತಿದ್ದೇನೆ ಎಂದು ಶಬನಾ ಒಳಗೊಳಗೇ ಅಳುತ್ತಿದ್ದಳು.

ಒಂದು ಸಂಜೆ ನಮಾಜಿನ ಮಧ್ಯದಲ್ಲಿ ಕಿಡಿ ಹಾರಿತು. ಸಜ್ದಾಕ್ಕೆ ಬಾಗಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದ್ದಷ್ಟೇ ನೆನಪು. ಎಚ್ಚರವಾದಾಗ ಹಾಗೆಯೇ ಇದ್ದಳು. ಒಂದು ಮಗ್ಗುಲಿಗೆ ಗೋಡೆ, ಇನ್ನೊಂದು ಮಗ್ಗುಲಿಗೆ ಬೀರು. ಉರುಳಲು ಜಾಗವೇ ಇರಲಿಲ್ಲ. ಯಾರೂ ಚೀರಿರಲಿಲ್ಲ, ಮುಖಕ್ಕೆ ನೀರು ಚಿಮುಕಿಸಿರಲಿಲ್ಲ. ಹೊರಗೆ ಫಜಲುಲ್ಲಾ ದನಿ ತಗ್ಗಿಸಿ ಮಗಳಿಗೆ ಹೇಳುತ್ತಿದ್ದ: "ಟಿವಿ ಸಣ್ಣಗೆ ಇಡಮ್ಮ, ಅಮ್ಮಿ ನಮಾಜಲ್ಲಿದಾಳೆ."

ಅಯ್ಯೋ ದೇವರೇ, ಇಷ್ಟು ಸುಲಭವೇ! ಆ ಮನೆಯಲ್ಲಿ ಯಾವ ಬಾಗಿಲನ್ನಾದರೂ ತಳ್ಳಿಕೊಂಡು ಯಾರಾದರೂ ಒಳಗೆ ಬರಬಹುದಿತ್ತು. ನಮಾಜಿನಲ್ಲಿರುವವರ ಎದುರು ಮಾತ್ರ ಯಾರೂ ಹಾಯುತ್ತಿರಲಿಲ್ಲ, ಕೂಗಿ ಕರೆಯುತ್ತಿರಲಿಲ್ಲ.

ಅಂದಿನಿಂದ ಕಿಡಿ ಕಂಡ ಕೂಡಲೇ ಶಬನಾ ಬೀರುವಿನ ಸಂದಿಯಲ್ಲಿ ಚಾಪೆ ಹಾಸತೊಡಗಿದಳು. ಹೊತ್ತಲ್ಲದ ಹೊತ್ತಾದರೆ "ಹರಕೆಯ ನಮಾಜು" ಎನ್ನುತ್ತಿದ್ದಳು. ಬರೀ ತಲೆನೋವಿದ್ದಾಗಲೂ ಅದೇ ಜಾಗ: ತಣ್ಣನೆಯ ನೆಲ, ದುಪಟ್ಟಾದೊಳಗಿನ ಕತ್ತಲು, ಏನಾಯಿತೆಂದು ಕೇಳುವವರಿಲ್ಲ. ಇವಳು ಬೀಳುವುದು ನಿಂತಿತೆಂದು ಮನೆಯವರು ನಂಬಿದರು. "ನಿಮ್ ದೇವ್ರು ದೊಡ್ಡೋನು ಬಿಡವ್ವ" ಎಂದಳು ಕೆಂಚಕ್ಕ. ಫಜಲುಲ್ಲಾ ಮಸೀದಿಯಲ್ಲಿ ಸಿಹಿ ಹಂಚಿದ, ಮಗಳಿಗೆ ಲಾ ಕಾಲೇಜಿನಲ್ಲಿ ಸೀಟು ಮಾಡಿಸಿ ಬಂದ. ಶಬನಾಳಿಗೆ ಖುಷಿಗಿಂತ ಹೆದರಿಕೆಯೇ ಹೆಚ್ಚು. "ಯಾ ಅಲ್ಲಾ, ನಿನ್ನ ಹೆಸರಲ್ಲೇ ಸುಳ್ಳು ನಡೆಸ್ತಿದೀನಿ. ಹುಡುಗಿ ಬಸ್ ಹತ್ತಾವರ್ಗೂ ತಡ್ಕ" ಎಂದು ಬೇಡಿಕೊಂಡಳು.

ಹೊರಡುವ ಬೆಳಿಗ್ಗೆ ಬಂತು. ಬ್ಯಾಗು, ಹಾಸಿಗೆ ಸುರುಳಿ, ಬಕೆಟ್ಟು ಜಗಲಿಗೆ ಬಂದಿದ್ದವು. ಹೊಳಲ್ಕೆರೆ ಮೇಲೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಬುತ್ತಿಗೆ ಚಪಾತಿ ಕಟ್ಟುತ್ತಿದ್ದ ಶಬನಾಳ ಕಣ್ಣ ಮೂಲೆಯಲ್ಲಿ ಕಿಡಿ ಹಾರಿತು. ಇವತ್ತೇ ಬರಬೇಕಿತ್ತೇ, ಹಾಳಾದ್ದು! ಇನ್ನೂ ಒಂದು ಸಂಕಟವಿತ್ತು. ಅವು ಹೆಂಗಸರಿಗೆ ನಮಾಜು ಇಲ್ಲದ, ತಿಂಗಳ ದಿನಗಳು. ಫಜಲುಲ್ಲಾನಿಗೆ ಅದರ ಲೆಕ್ಕವಿಲ್ಲ. ಫರೀಹಾಳಿಗೆ ಗೊತ್ತು, ಪ್ಯಾಡು ತಂದುಕೊಟ್ಟವಳೇ ಅವಳು. ಆದರೆ ಬೀಳುವವಳಿಗೆ ಬೇರೆ ಜಾಗ ಎಲ್ಲಿದೆ? ಗೋಡೆ ಹಿಡಿದುಕೊಂಡು ಹೋಗಿ ಚಾಪೆ ಹಾಸಿ ಹಣೆ ಊರಿದಳು.

ಎಚ್ಚರವಾದಾಗ ಅವಳ ಮುಖವನ್ನು ಯಾರೋ ಒಂದು ಪಕ್ಕಕ್ಕೆ ಹೊರಳಿಸಿದ್ದರು. ಕೆನ್ನೆಯ ಕೆಳಗೆ ಮಡಿಸಿದ ದುಪಟ್ಟಾ ಇತ್ತು. ಫರೀಹಾಳದು. ಹುಡುಗಿಗೆ ಗೊತ್ತಾಗಿಹೋಗಿದೆ! ಜಗಲಿಯಲ್ಲಿ ಗಂಡ ಕೂಗಾಡುತ್ತಿದ್ದ.

"ಒಂದು ವರ್ಷ ನನ್ ತಲೆ ತಿಂದು, ಬಸ್ಸಿನ ಹೊತ್ತಿಗೆ ಬ್ಯಾಡ ಅಂತೀಯಾ? ಯಾಕೆ ಬ್ಯಾಡ? ಹೇಳು!"

"ಮನಸ್ಸಿಲ್ಲ ಅಬ್ಬಾ. ನಂಗೆ ಓದೋದು ಬ್ಯಾಡ."

"ಸೋಮಾರಿ! ನಾಚ್ಕೆ ಆಗಲ್ವೇನೇ ನಿಂಗೆ?"

ಯಾರಿಗೂ ಒಂದು ಮಾತು ಬಾಕಿ ಉಳಿಸದ ಹುಡುಗಿ, ತುಟಿ ಬಿಚ್ಚಲಿಲ್ಲ. ಹಾಗೇ ಮಲಗಿದ್ದರೆ ಆಯಿತು, ಶಬನಾಳ ಗುಟ್ಟು ಉಳಿಯುತ್ತಿತ್ತು, ಬೀರುವಿನ ಸಂದಿಯೂ ಅವಳಿಗೇ ಉಳಿಯುತ್ತಿತ್ತು. ಒಂದು ಗಳಿಗೆ ಅವಳಿಗೆ ಆ ಆಸೆ ಬಂದದ್ದೂ ನಿಜ. ಸಂತಳಾಗಿ ಹುಟ್ಟಿದವಳೇನಲ್ಲ ಅವಳು. ಬೀರು ಹಿಡಿದುಕೊಂಡು ಎದ್ದಳು.

"ಅವಳನ್ನ ಬೈಬ್ಯಾಡ್ರಿ," ಎಂದಳು ಹೊಸ್ತಿಲಲ್ಲಿ ನಿಂತು. "ನಾನು ನಮಾಜ್ ಮಾಡ್ತಿರ್ಲಿಲ್ಲ. ಎಚ್ಚರ ತಪ್ಪಿತ್ತು. ಇವತ್ತೊಂದೇ ದಿನ ಅಲ್ಲ."

ಫಜಲುಲ್ಲಾ ಹಾಸಿಗೆ ಸುರುಳಿಯ ಮೇಲೆ ಕುಸಿದು ಕೂತ. "ಯಾವಾಗಿಂದ?"

"ನೀವು ಸಿಹಿ ಹಂಚೋಕ್ಕಿಂತ ಮುಂಚಿಂದ."

"ಅಮ್ಮಿ, ಯಾಕೆ ಹೇಳ್ದೆ! ನಾನು ಹೋಗಲ್ಲ," ಎಂದು ಫರೀಹಾ ಬಿಕ್ಕಳಿಸಿದಳು.

"ಹೋಗ್ತೀಯ! ನನ್ನ ಕಾಯ್ತಾ ನೀನು ಮುದುಕಿ ಆಗೋದನ್ನ ನಾನು ನೋಡಬೇಕಾ? ಏಳ್ರಿ, ಬಸ್ಸಿಗೆ ಹೊತ್ತಾಯ್ತು. ಅವಳು ಹೋಗದಿದ್ರೆ ನಾನು ಒಂದ್ ಮಾತ್ರೆನೂ ಮುಟ್ಟಲ್ಲ, ನೋಡ್ಕಳ್ರಿ!"

ಫಜಲುಲ್ಲಾ ಎದ್ದು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡ. "ನಡಿಯಮ್ಮ," ಎಂದ ಮಗಳಿಗೆ. "ಅಮ್ಮಿ ಹತ್ರ ನಾನಿರ್ತೀನಿ."

ಮಾತಿಗೆ ತಪ್ಪಲಿಲ್ಲ. ಮರುದಿನವೇ ಅಂಗಡಿಗೆ ಬೀಗ ಹಾಕಿ ಉಳಿ, ಹತ್ತರಿಗಳನ್ನೆಲ್ಲ ಮನೆಗೆ ಹೊತ್ತು ತಂದ. ಬೀರುವನ್ನು ಗೋಡೆಯಿಂದ ದೂರ ಸರಿಸಿ, ಸಂದಿಯನ್ನು ಬಯಲು ಮಾಡಿದ.

ಮೈ ಶುದ್ಧವಾದ ದಿನ ಶಬನಾ ಮಧ್ಯಾಹ್ನದ ನಮಾಜಿಗೆ ನಿಂತಳು. ಕಿಡಿಯಿಲ್ಲ, ನೋವಿಲ್ಲ, ನಿಜವಾಗಿಯೂ ಕ್ಷಮೆ ಕೇಳಬೇಕಿತ್ತು. ಹಿಂದೆ ಫಜಲುಲ್ಲಾ ಕೂತು ಕಿಟಕಿಯ ಚೌಕಟ್ಟನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದ. ಅವಳು ಸಜ್ದಾಕ್ಕೆ ಬಾಗಿದಳು.

"ಶಬನಾ?"

ನಮಾಜಿನ ನಡುವೆ ಮಾತಾಡಿದರೆ ಅದು ಮುರಿದಂತೆ.

"ಶಬನಾ! ಇದೀಯೇನೇ?" ಚೌಕಟ್ಟು ನೆಲಕ್ಕೆ ಬಿದ್ದ ಸದ್ದಾಯಿತು.

"ಇದೀನ್ರೀ," ಎಂದಳು ಅವಳು.

ಎದ್ದು ನಿಂತು ಮೊದಲಿನಿಂದ ಶುರು ಮಾಡಿದಳು. ಮತ್ತೆ ಬಾಗುವ ಹೊತ್ತು ಬಂತು. ಅವಳಿನ್ನೂ ಮೊಣಕಾಲು ಊರುತ್ತಿದ್ದಾಗಲೇ ಬೆನ್ನ ಹಿಂದೆ ಉಪ್ಪುಕಾಗದದ ಸದ್ದು ನಿಂತಿತು.